ಹಗಲು ಹೊತ್ತು ಹೇಳಿದ ಕಥೆ

೧೭-೧-೨೦೨೫, ಶುಕ್ರವಾರ. ಪಾಲಹಳ್ಳಿ

ಇದು ನನ್ನ ನೀರುಗಂಟಿ ಕೆಲಸದ ಹಳೆಯ ಪುಸ್ತಕ. ಮೇಲೆ ತಾರೀಖು, ನಡುವೆ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಟ್ಟೆನೆಂಬುದು, ಕೆಳಗೆ ಕೊನೆಯ ಸಾಲಿನಲ್ಲಿ ನಾಲೆಯ ನೀರಿನ ಮಟ್ಟ. ಮೂವತ್ತೆರಡು ವರ್ಷ ತೂಬಿನ ಬಾಗಿಲು ಎತ್ತಿ ಇಳಿಸಿದವನು ನಾನು. ಕೆಲಸ ಬಿಟ್ಟ ಮೇಲೂ ಬೆಳಿಗ್ಗೆ ಎದ್ದು ನಾಲೆ ಏರಿಯ ಮೇಲೆ ಹೋಗಿ, ಮಟ್ಟ ನೋಡಿ ಬಂದು ಬರೆಯುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ. ಕೆಲವರಿಗೆ ಬೀಡಿ ಇದ್ದ ಹಾಗೆ ನನಗೆ ಇದು. ಆಗಸ್ಟ್ ಹದಿನೆಂಟರಿಂದ ಈಚೆಗೆ ಆ ಸಾಲು ಖಾಲಿ ಬಿದ್ದಿದೆ. ಆ ಕಡೆ ಕಾಲು ಹಾಕಿಲ್ಲ.

ನಾಳೆ ಪ್ರವಾಸ ಹೊರಡುತ್ತದೆ. ನನ್ನ ಮಗ ಸಿದ್ದಾರ್ಥ, ಸೊಸೆ ಸ್ನೇಹ ನಾಲ್ಕು ವರ್ಷದಿಂದ ನಡೆಸಿಕೊಂಡು ಬಂದ ಪ್ರವಾಸ. ಪಟ್ಟಣದಿಂದ ಬಂದವರನ್ನು ಸೈಕಲ್ ಮೇಲೆ ಶ್ರೀರಂಗಪಟ್ಟಣ, ಕರಿಘಟ್ಟ, ಪಾಂಡವಪುರದ ಬೆಟ್ಟ ಸುತ್ತಿಸಿ, ಕೆ.ಆರ್.ಪೇಟೆ ಕಡೆ ಹಿನ್ನೀರಿನ ನಡುವೆ ಇರುವ ಒಂಟಿಬೋರೆಗೆ ತೆಪ್ಪದಲ್ಲಿ ದಾಟಿಸಿ, ಅಲ್ಲಿ ಗುಡಾರ ಹಾಕಿ ಎರಡು ದಿನ ಗುಡ್ಡ ಹತ್ತಿಸಿ, ಕೊನೆಗೆ ನಾಗಮಂಗಲದಲ್ಲಿ ಬಸ್ಸು ಹತ್ತಿಸುವುದು. ಅವನು ಮುಂದೆ, ಅವಳು ಹಿಂದೆ, ನಾನು ಸಾಮಾನಿನ ಆಟೋದಲ್ಲಿ. ಸಂಜೆ ಕಥೆ ಹೇಳುವುದು ನನ್ನ ಪಾಲು.

ಇದು ಕೊನೆಯ ಸುತ್ತು. ಸ್ನೇಹಳ ತವರು ನಾಗಮಂಗಲ. ಅಲ್ಲಿಯ ಸ್ಕೂಲೊಂದರಲ್ಲಿ ಆಟದ ಟೀಚರ್ ಕೆಲಸ ಸಿಕ್ಕಿದೆ. ಪ್ರವಾಸ ಮುಗಿದಲ್ಲೇ ಅವಳು ಉಳಿದುಬಿಡುತ್ತಾಳೆ. ನಾನು ಆಟೋ ಓಡಿಸಿಕೊಂಡು ವಾಪಸು ಬರುತ್ತೇನೆ.

ಅಷ್ಟರೊಳಗೆ ಅವಳಿಗೆ ಒಂದು ಮಾತು ಹೇಳಬೇಕು. ಸಿದ್ದಾರ್ಥ ದಾರಿ ತಪ್ಪಿದ್ದು ನನ್ನಿಂದ.

ನನ್ನ ಅವ್ವ ಪುಟ್ಟಲಕ್ಷ್ಮಮ್ಮನ ಬಾಯಲ್ಲಿ ನೂರಾರು ಕಥೆ ಇದ್ದವು. ಆದರೆ ದೀಪ ಹಚ್ಚದೆ ಬಾಯಿ ಬಿಡುತ್ತಿರಲಿಲ್ಲ. ಹಗಲು ಹೊತ್ತು ಕಥೆ ಹೇಳಿದರೆ ದಾರಿಹೋಕರಿಗೆ ದಾರಿ ತಪ್ಪುತ್ತದೆ ಅನ್ನುವಳು. ಅರವತ್ತು ವರ್ಷ ನಾನೂ ಹಾಗೇ ನಡೆದುಕೊಂಡೆ. ಆಗಸ್ಟ್ ಹದಿನೆಂಟರ ಭಾನುವಾರ ಕರಿಘಟ್ಟದ ಮೆಟ್ಟಿಲ ಮೇಲೆ ಬೆಂಗಳೂರಿನ ನಾಲ್ಕು ಜನ ಹಿಡಿದುಕೊಂಡರು, ಒಂದೇ ಒಂದು ಕಥೆ ಹೇಳಿ, ವಿಡಿಯೋ ಮಾಡ್ತೀವಿ ಅಂತ. ನನಗೆ ಆಸೆಯಾಯಿತು. ಹನ್ನೊಂದೂವರೆಗೆ ಶುರು ಮಾಡಿದೆ. ಪಾಂಡವಪುರದ ಕಡೆ ರಸ್ತೆ ನೋಡಿಕೊಂಡು ಬರಲು ಹೋಗಿದ್ದ ಮಗ ಅದೇ ಹೊತ್ತಿಗೆ ಟಾರು ರಸ್ತೆ ಬಿಟ್ಟು ನಾಲೆ ಏರಿಗೆ ತಿರುಗಿದ್ದಾನೆ. ಅಲ್ಲಿ ಅವನಿಗೆ ಕೆಲಸವಿರಲಿಲ್ಲ. ನೀರುಗಂಟಿ ಬಿಟ್ಟರೆ ಯಾರಿಗೂ ಆ ಏರಿಯ ಮೇಲೆ ಕೆಲಸವಿಲ್ಲ. ದಾರಿ ತಪ್ಪಿದವನೇ ಅಲ್ಲಿಗೆ ಬರಬೇಕು. ಮಳೆಗೆ ಸಡಿಲವಾಗಿದ್ದ ಏರಿ ಕುಸಿದು ಸೈಕಲ್ ಸಮೇತ ನಾಲೆಗೆ ಬಿದ್ದ. ಈಜು ಬರುತ್ತಿತ್ತು. ತಲೆ ಕಲ್ಲಿಗೆ ಬಡಿದಿತ್ತು.

ಹುಡುಕಲು ನೀರು ಇಳಿಸಬೇಕಾಯಿತು. ಈಗಿನ ನೀರುಗಂಟಿಯ ಕೈಯಲ್ಲಿ ತೂಬಿನ ಬಾಗಿಲು ತಿರುಗಲಿಲ್ಲ. ನಾನೇ ತಿರುಗಿಸಿದೆ.

೧೮-೧-೨೦೨೫, ಶನಿವಾರ. ಕರಿಘಟ್ಟದ ಕೆಳಗೆ

ಬಂದವರು ಮೂರು ಜನ. ಮೈಸೂರಿನ ಪ್ರಮೀಳಾ ಮೇಡಂ, ಬ್ಯಾಂಕಿನಿಂದ ರಿಟೈರಾದವರು, ನನ್ನದೇ ವಯಸ್ಸು. ಅವರ ತಂಗಿಯ ಮಕ್ಕಳು ಮೇಘನ, ಧನುಶ್ರೀ. ಹುಡುಗಿಯರಿಗಿಂತ ಮೇಡಮ್ಮೇ ಜೋರು. ಸೈಕಲ್ ಹತ್ತಿ ಹತ್ತು ಮಾರು ಹೋಗಿ ಬೇಲಿಗೆ ನುಗ್ಗಿ, ಎದ್ದು ಸೀರೆ ಕೊಡವಿಕೊಂಡು, "ಬೇಲಿ ರಸ್ತೆಗೆ ಬಂದುಬಿಟ್ಟಿದೆ, ನೋಡಿ ಹಾಕಿಸಬಾರದಾ ಶಿವಲಿಂಗಯ್ಯನವರೇ" ಅಂದರು. ಸ್ನೇಹ ಚೂಡಿದಾರ ಕೊಟ್ಟಳು.

ಬೆಟ್ಟ ಹತ್ತಲು ನಾನು ಹೋಗಲಿಲ್ಲ. ಆ ಮೆಟ್ಟಿಲು ನೋಡಲಾಗಲಿಲ್ಲ. ಆಟೋ ಪಕ್ಕ ಕೂತು ಈರುಳ್ಳಿ ಹೆಚ್ಚಿದೆ.

ಸಂಜೆ ಊಟವಾದ ಮೇಲೆ ಪ್ರಮೀಳಾ ಮೇಡಂ ಚೀಲದಿಂದ ಒಂದು ಕಾಗದ ತೆಗೆದರು. ಸಿದ್ದಾರ್ಥ ಅಚ್ಚು ಹಾಕಿಸಿದ್ದ ಕಾಗದ. ಅದರಲ್ಲಿ ನನ್ನ ಫೋಟೋ, ಕೆಳಗೆ 'ಪ್ರತಿ ಸಂಜೆ ಕಥೆ: ಶಿವಲಿಂಗಯ್ಯನವರಿಂದ' ಅಂತ.

"ಎಲ್ಲಿ, ಶುರುವಾಗಲಿ. ಇದಕ್ಕೇ ಅಂತ ಬಂದಿರೋದು ನಾನು."

"ಗಂಟಲು ಕಟ್ಕಂಡದೆ ಮೇಡಂ."

"ಈರುಳ್ಳಿ ಹೆಚ್ಚುವಾಗ ಪಕ್ಕದ ಆಟೋದವನ ಜೊತೆ ಜಗಳ ಆಡ್ತಿದ್ದಿರಲ್ಲ, ಆಗ ಸರಿ ಇತ್ತಲ್ಲ ಗಂಟಲು."

ಹುಡುಗಿಯರು ನಕ್ಕರು. ಸ್ನೇಹ ಪಾತ್ರೆ ಎತ್ತಿಕೊಂಡು ಎದ್ದಳು. ಅವಳು ನನ್ನ ಕಡೆ ನೋಡಲಿಲ್ಲ. ಐದು ತಿಂಗಳಿಂದ ನಾನು ಒಂದೂ ಕಥೆ ಹೇಳಿಲ್ಲವೆಂದು ಅವಳಿಗೆ ಗೊತ್ತು. ಯಾಕೆಂದು ಕೇಳಿಲ್ಲ.

೧೯-೧-೨೦೨೫, ಭಾನುವಾರ. ಪಾಂಡವಪುರ

ಬೆಳಿಗ್ಗೆ ಹೇಳಿಬಿಡಬೇಕೆಂದು ಹೋದೆ. ಸ್ನೇಹ ಸೈಕಲ್ ಬುಡದಲ್ಲಿ ಕೂತು ಚೈನಿಗೆ ಎಣ್ಣೆ ಬಿಡುತ್ತಿದ್ದಳು. ಅವಳು ಓಡಿಸುತ್ತಿರುವುದು ಸಿದ್ದಾರ್ಥನ ಹಳೆಯ ಸೈಕಲ್ಲು. ನಾಲೆಗೆ ಹೋದದ್ದು ಹೊಸದು.

"ಏನ್ ಮಾವ?"

"ಏನಿಲ್ಲ ಕಣವ್ವ."

"ಹಂಗಾದ್ರೆ ಹಿಂದಿನ ಚಕ್ರಕ್ಕೆ ಗಾಳಿ ಹೊಡೀರಿ. ನಿಂತೇ ಇದೀರ."

ಹೊಡೆದೆ.

೨೦-೧-೨೦೨೫, ಸೋಮವಾರ

ಹೇಳಲಿಲ್ಲ.

೨೧-೧-೨೦೨೫, ಮಂಗಳವಾರ. ಒಂಟಿಬೋರೆ

ಬೆಳಿಗ್ಗೆ ಕೆ.ಆರ್.ಪೇಟೆಯಲ್ಲಿ ತರಕಾರಿ, ಅಕ್ಕಿ, ಸೀಮೆಎಣ್ಣೆ ಸ್ಟೌವಿಗೆ ಪಿನ್ನು ತೆಗೆದುಕೊಂಡೆವು. ಮಧ್ಯಾಹ್ನದ ಹೊತ್ತಿಗೆ ಹಿನ್ನೀರಿನ ದಡಕ್ಕೆ ಬಂದೆವು. ಸೈಕಲ್ಲುಗಳನ್ನು ಜವರಯ್ಯನ ಗುಡಿಸಲ ಹಿಂದೆ ಸರಪಳಿ ಹಾಕಿ ನಿಲ್ಲಿಸಿದ್ದಾಯಿತು. ಜವರಯ್ಯ ಮೀನು ಹಿಡಿಯುವವನು, ಪ್ರತಿ ಸಲ ನಮ್ಮನ್ನು ತೆಪ್ಪದಲ್ಲಿ ದಾಟಿಸುವವನು. ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಕಳೆದ ಬೇಸಿಗೆಯಿಂದ ನಾವು ಈ ಕಡೆ ಬಂದಿರಲಿಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ.

"ಏನ್ಲಾ ಶಿವ, ನೀನ್ ಬಂದ್ಬುಟ್ಟೆ, ಎಲ್ಲಲಾ ನಿನ್ ಮಗ? ಮುದುಕ್ನ ಕಳುಸ್ಬುಟ್ಟು ಮನೇಲಿ ಮನೀಕಂಡವ್ನಾ ಸೋಂಬೇರಿ?" ಅಂದ. ಹುಟ್ಟು ಕೈಯಲ್ಲಿತ್ತು. "ಓದ್ಸಲ ನಂಗೆ ಟಾರ್ಚು ತಂದ್ಕೊಡ್ತೀನಿ ಅಂದಿದ್ದ. ಆ ಟಾರ್ಚು ಬರಗಂಟ ಅವನ್ನ ತೆಪ್ಪ ಅತ್ತುಸ್ಕಳಕಿಲ್ಲ, ಯೋಳ್ಬುಡು."

ನಾನು ಬಗ್ಗಿ ಅಕ್ಕಿ ಚೀಲ ತೆಪ್ಪಕ್ಕೆ ಹಾಕಿದೆ. ಸ್ನೇಹ ತೆಪ್ಪದ ಅಂಚಿನಲ್ಲಿ ಕೂತಿದ್ದವಳು ತನ್ನ ಚೀಲ ಬಿಚ್ಚಿ ಒಂದು ಟಾರ್ಚು ತೆಗೆದು ಅವನ ಕೈಗೆ ಕೊಟ್ಟಳು. ಹೊಸದು, ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದಿರಲಿಲ್ಲ.

"ಅವರೇ ತಂದಿಟ್ಟಿದ್ರು ಅಣ್ಣ. ಆಗಸ್ಟಲ್ಲಿ ಹೋಗ್ಬುಟ್ರು."

ಜವರಯ್ಯ ಟಾರ್ಚನ್ನೂ ಅವಳನ್ನೂ ನೋಡಿದ. ಆಮೇಲೆ ಹುಟ್ಟು ಹಾಕಿದ. ನಡುನೀರಿನಲ್ಲಿ, "ನನ್ ನಾಲಗೆ ಸೇದೋಗ" ಅಂದ, ಯಾರಿಗೂ ಅಲ್ಲ.

ಒಂಟಿಬೋರೆ ನೀರಿನ ನಡುವೆ ಎದ್ದ ಕಲ್ಲುಗುಡ್ಡ. ಬೆನ್ನಿನ ಮೇಲೆ ಕುರುಚಲು, ನೆತ್ತಿಯ ಮೇಲೆ ಮಜ್ಜಿಗೆಹುಲ್ಲು, ಗಾಳಿ ಬಂದರೆ ಕೆಳಗಿನವರೆಗೂ ಘಮ್ಮೆನ್ನುತ್ತದೆ. ಗುಡಾರ ಎರಡು ಹಾಕಿದೆವು. ಪ್ರಮೀಳಾ ಮೇಡಂ ಈ ಗುಡ್ಡಕ್ಕೂ ಒಂದು ಕಥೆ ಇರಬೇಕಲ್ಲ ಅಂದರು.

ಇದೆ. ನಾನು ಆವತ್ತು ಕರಿಘಟ್ಟದಲ್ಲಿ ಹೇಳುತ್ತಿದ್ದುದು ಇದರದ್ದೇ. ಹೊಳೆಯ ಈ ದಡದಲ್ಲಿ ಅಣ್ಣಗುಡ್ಡ, ತಮ್ಮಗುಡ್ಡ ಇದ್ದವು. ಆ ದಡಕ್ಕೆ ಕೊಟ್ಟಿದ್ದ ತಂಗಿಗುಡ್ಡಕ್ಕೆ ಹೆರಿಗೆಯಾಯಿತು. ಬಾಣಂತಿಗೆ ಖಾರ ಕೊಡಬೇಕಲ್ಲ, ತಲೆ ಮೇಲೆ ಖಾರದ ಕುಕ್ಕೆ ಹೊತ್ತು ಇಬ್ಬರೂ ರಾತ್ರಿಯಲ್ಲಿ ಹೊರಟರು. ಗುಡ್ಡ ನಡೆಯುವುದನ್ನು ಮನುಷ್ಯರ ಕಣ್ಣು ನೋಡಬಾರದು, ನೋಡಿದರೆ ಅಲ್ಲೇ ನೆಟ್ಟುಹೋಗುತ್ತವೆ. ಅಣ್ಣ ನಡುಹೊಳೆಗೆ ಬಂದ. ಹಿಂದೆ ಹೆಜ್ಜೆ ಸದ್ದು ಇಲ್ಲ. ತಮ್ಮ ಎಲ್ಲಿ ಎಂದು ತಿರುಗಿ ನೋಡಿದ...

ಆವತ್ತು ಇಷ್ಟು ಹೇಳುವಾಗ ಸಿದ್ದಾರ್ಥ ನಾಲೆಗೆ ಬಿದ್ದನೆಂದು ಫೋನು ಬಂತು. ಕಥೆ ಅರ್ಧಕ್ಕೆ ನಿಂತಿದೆ.

ಮೇಡಮ್ಮಿಗೆ ಗೊತ್ತಿಲ್ಲ ಅಂದೆ. ನಾಳೆ ಹೇಳುತ್ತೇನೆ. ಕಥೆಯನ್ನಲ್ಲ, ಸ್ನೇಹಳಿಗೆ ಹೇಳಬೇಕಾದ್ದನ್ನು.

೨೨-೧-೨೦೨೫, ಬುಧವಾರ. ಒಂಟಿಬೋರೆ

ಹೇಳಿದೆ.

ಬೆಳಿಗ್ಗೆ ಎಲ್ಲರೂ ಗುಡ್ಡದ ನೆತ್ತಿಗೆ ಹತ್ತಿದೆವು. ನಾನೂ ಹತ್ತಿದೆ, ಮೂರು ಕಡೆ ಕೂತು ಕೂತು. ಮೇಲಿಂದ ನಾಲ್ಕೂ ಕಡೆ ನೀರು. ಹುಡುಗಿಯರು ಫೋಟೋ ತೆಗೆದುಕೊಂಡು ಮೇಡಂ ಜೊತೆ ಇನ್ನೊಂದು ಬಂಡೆಯ ಕಡೆಗೆ ಹೋದರು. ಸ್ನೇಹ ಒಬ್ಬಳೇ ಮಜ್ಜಿಗೆಹುಲ್ಲು ಕೀಳುತ್ತಿದ್ದಳು, ಟೀಗೆ ಹಾಕಲು. ಹನ್ನೆರಡು ಗಂಟೆಯಾಗಿರಬೇಕು, ನೆರಳು ಕಾಲಡಿಯಲ್ಲಿತ್ತು.

"ಸ್ನೇಹ, ಒಂದ್ ಮಾತು ಯೋಳ್ಬೇಕು. ಯೋಳಿದ್ ಮ್ಯಾಲೆ ನೀನು ಬೈದ್ರೂ ಸರಿ, ನಾಗಮಂಗಲಕ್ ಓದ್ಮೇಲೆ ನನ್ ಮೊಕ ನೋಡ್ದಿದ್ರೂ ಸರಿ."

ಅವಳು ಹುಲ್ಲಿನ ಕಟ್ಟು ಹಿಡಿದೇ ತಿರುಗಿದಳು.

ಹೇಳಿದೆ. ಅವ್ವನ ಮಾತು, ಕರಿಘಟ್ಟದ ಮೆಟ್ಟಿಲು, ವಿಡಿಯೋ, ಹನ್ನೊಂದೂವರೆ. ನನಗೆ ಹೊಗಳಿಕೆಯ ಆಸೆಯಾದದ್ದನ್ನೂ ಹೇಳಿದೆ. ಟಾರು ರಸ್ತೆಯಲ್ಲಿ ನೆಟ್ಟಗೆ ಬರುತ್ತಿದ್ದವನನ್ನು ನಾನು ಕಥೆ ಹೇಳಿ ಏರಿಗೆ ತಿರುಗಿಸಿಬಿಟ್ಟೆ ಅಂದೆ.

ಅವಳು ನಗಬಹುದು ಅಂದುಕೊಂಡಿದ್ದೆ, ಓದಿದವಳು. ಇಲ್ಲ ಬೈಯಬಹುದು ಅಂತ. ಎರಡೂ ಮಾಡಲಿಲ್ಲ. ಬಂಡೆಯ ಮೇಲೆ ಕೂತಳು.

"ಐದ್ ತಿಂಗ್ಳಿಂದ ಇದನ್ನ ಇಟ್ಕೊಂಡಿದ್ರಾ ಮಾವ?"

"ಊಂ."

"ನಾನೂ ಒಂದು ಇಟ್ಕೊಂಡಿದೀನಿ."

ಮೊಬೈಲು ತೆಗೆದಳು. ಬೆರಳಿನಿಂದ ಮೇಲೆ ಮೇಲೆ ಸರಿಸುತ್ತ ಹೋದಳು. ಗುಡ್ಡದ ಮೇಲೆ ಫೋನಿಗೆ ಸಿಗ್ನಲ್ ಇರಲಿಲ್ಲ, ಆದರೆ ಹಿಂದೆ ಬಂದಿದ್ದ ವಾಯ್ಸ್ ಮೆಸೇಜೊಂದು ಒಳಗೇ ಇತ್ತು. ಒತ್ತಿದಳು. ಮೊದಲು ಗಾಳಿ, ನೀರು ಬೀಳುವ ಸದ್ದು. ಆ ಸದ್ದು ನನಗೆ ಗೊತ್ತು. ನಾಲ್ಕನೇ ತೂಬು ಕಾಲು ಬಾಗಿಲು ತೆರೆದಾಗ ಬರುವ ಸದ್ದು. ಆಮೇಲೆ ಅವನ ದನಿ.

"ಲೇ ಸ್ನೇಹ, ಎಲ್ಲಿದೀನಿ ಯೋಳು ನೋಡಾನ. ಅಪ್ಪನ ನಾಲ್ಕನೇ ತೂಬಿನ ಬಂಡೆ ಮ್ಯಾಲೆ. ಚಿಕ್ಕವನಾಗಿದ್ದಾಗ ಸೈಕಲ್ ಕಂಬಿ ಮ್ಯಾಲೆ ಕೂರುಸ್ಕಂಡ್ ಬಂದು, ರೊಟ್ಟಿ ಕೈಗ್ ಕೊಟ್ಟು, ಇಲ್ ಬುಟ್ಟು ತೂಬು ತಿರ್ಗುಸಕ್ ಓಗವ್ನು. ಮುಂದಿನ್ ಸಲ ಜನಾನ ಈ ಏರಿ ಮ್ಯಾಲೇ ಕರ್ಕಂಡ್ ಬರಾನ ಕಣೇ. ಗುಡ್ಡದ ಕಥೆ ಸಂಜೆಗಿರ್ಲಿ, ಇಲ್ಲಿ ನೀರಿನ್ ಕಥೆ ಯೋಳ್ಲಿ. ನಿಜದ್ ಕಥೆ ಆದ್ರೆ ಹಗಲೊತ್ತೂ ಯೋಳ್ಬೋದು, ಮುದುಕ ತಪ್ಪುಸ್ಕಳಕ್ ಆಗಕಿಲ್ಲ. ಅಪ್ಪಂಗ್ ಯೋಳ್ಬ್ಯಾಡ, ನಾನೇ ಯೋಳ್ತೀನಿ."

ಕೊನೆಗೆ ಅವನು ನಕ್ಕದ್ದು ಅರ್ಧಕ್ಕೆ ಕತ್ತರಿಸಿಹೋಗಿದೆ.

ಸ್ನೇಹ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಆಗಸ್ಟ್ ಹದಿನೆಂಟು, ಹನ್ನೊಂದು ಗಂಟೆ ಹತ್ತು ನಿಮಿಷ.

"ನೀವು ಕಥೆ ಶುರು ಮಾಡೋಕ್ ಮುಂಚೇನೇ ಅಲ್ಲಿದ್ರು ಮಾವ. ಅವರು ದಾರಿ ತಪ್ಲಿಲ್ಲ. ಬೇಕೂ ಅಂತ್ಲೇ ಹೋಗಿದ್ರು."

"ನಂಗ್ಯಾಕ್ ಯೋಳ್ಲಿಲ್ಲವ್ವ?"

"ನಿಮ್ ತೂಬಿನ್ ದಾರಿ ನೋಡಕ್ ಹೋಗಿ ಹೋಗ್ಬುಟ್ರು ಅಂತ ಯಾವ್ ಬಾಯಲ್ ಹೇಳ್ಲಿ? ಅದನ್ ಕೇಳುದ್ರೆ ನೀವು ಉಳೀತಿದ್ರಾ?"

ಇನ್ನೊಂದು ಸಲ ಹಾಕು ಅಂದೆ. ಹಾಕಿದಳು. ಮೂರನೆಯ ಸಲ ನಾನು ಕೇಳಲಿಲ್ಲ, ಅವಳೇ ಹಾಕಿದಳು. ಆಮೇಲೆ ಅವಳು ಅತ್ತಳು. ಐದು ತಿಂಗಳಲ್ಲಿ ಅವಳು ಅತ್ತದ್ದು ನಾನು ನೋಡಿರಲಿಲ್ಲ. ನನಗೆ ತೋರಿಸದೆ ಅಳುತ್ತಿದ್ದಳೋ ಏನೋ. ಮಜ್ಜಿಗೆಹುಲ್ಲು ಮಡಿಲಲ್ಲಿ ಹಾಗೇ ಇತ್ತು.

ಅವನಿಗೆ ಆ ಬಂಡೆ ನೆನಪಿದೆಯೆಂದು ನನಗೆ ಗೊತ್ತಿರಲಿಲ್ಲ. ನಾಲ್ಕು ವರ್ಷದ ಮಗು. ರೊಟ್ಟಿಯನ್ನು ಇರುವೆಗಳಿಗೆ ಹಾಕಿ, ಅಪ್ಪಾ ಮುಗೀತು ಅನ್ನುತ್ತಿದ್ದ.

ಕೆಳಗೆ ಇಳಿಯುವಾಗ ಪ್ರಮೀಳಾ ಮೇಡಂ ನಮ್ಮಿಬ್ಬರ ಮುಖ ನೋಡಿದರು. ನನ್ನ ಕೈ ಹಿಡಿದು ಇಳಿಸಿದರು. "ಬೇಲಿ ಇದ್ದರೆ ಹೇಳಿ, ನಾನು ನುಗ್ಗೋದರಲ್ಲಿ ನಿಸ್ಸೀಮಳು" ಅಂದರು. ಸಂಜೆ ಕಥೆ ಹೇಳಿ ಅನ್ನಲೂ ಇಲ್ಲ. ನಾನು ಎರಡು ಮುದ್ದೆ ಉಂಡೆ. ಉಪ್ಪು ಕಡಿಮೆಯಾಗಿತ್ತು, ಸ್ನೇಹಳಿಗೆ ಅಂದೆ. ಇಷ್ಟು ದಿನ ಹೆಚ್ಚಾಗಿತ್ತು ಮಾವ, ನೀವೇನೂ ಅಂದಿರಲಿಲ್ಲ ಅಂದಳು.

೨೩-೧-೨೦೨೫, ಗುರುವಾರ. ನಾಗಮಂಗಲ

ಬೆಳಿಗ್ಗೆ ಜವರಯ್ಯ ದಾಟಿಸಿದ. ಇಳಿಯುವಾಗ ಬಾಳೆಲೆಯಲ್ಲಿ ಸುತ್ತಿದ ಮೀನು ಸ್ನೇಹಳ ಕೈಗಿಟ್ಟು, "ತವರ್ಗೆ ಬರೀಗೈಲಿ ಓಗಬಾರ್ದು ಕಣವ್ವ" ಅಂದ. ನನಗೆ, "ಮುಂದಿನ್ ಸಲ ಬತ್ತೀಯೇನ್ಲಾ?" ಅಂದ. ಗೊತ್ತಿಲ್ಲ ಅಂದೆ. "ಬಾ. ಒಬ್ನೇ ಆದ್ರೂ ಬಾ. ಟಾರ್ಚದೆ, ಅಡ್ಡಿಲ್ಲ."

ಆ ಮೂವರನ್ನು ಸಂಜೆ ಬಸ್ಸಿಗೆ ಹತ್ತಿಸಿ, ಅವಳ ತವರುಮನೆ ಬಾಗಿಲಿಗೆ ಬಂದೆವು. ಅವಳ ಅವ್ವ ಊಟಕ್ಕೆ ಕರೆದರು. ಕತ್ತಲಾಗುವುದರೊಳಗೆ ಹೊರಡುತ್ತೇನೆ ಅಂದೆ. ಸ್ನೇಹ ಹಳೆಯ ಸೈಕಲ್ಲನ್ನು ಆಟೋದಿಂದ ಇಳಿಸಲು ಬಿಡಲಿಲ್ಲ.

"ಇದು ಪಾಲಹಳ್ಳೀಲಿರ್ಲಿ ಮಾವ. ಬಂದಾಗ ಓಡುಸ್ತೀನಿ."

"ಬತ್ತೀಯವ್ವ?"

"ಮತ್ತೆ? ನಿಮ್ ಏರಿ ದಾರೀಲಿ ಒಂದ್ ಸಲಾನೂ ಹೋಗಿಲ್ಲ ನಾನು."

ಹಿಂದೆ ಸೈಕಲ್ಲು ಅಲುಗಾಡುವ ಸದ್ದು ಕೇಳುತ್ತ ಮನೆಗೆ ಬಂದೆ. ಬೀಗ ತೆಗೆದು ಒಳಗೆ ಬಂದಾಗ ಅಡಿಗೆಮನೆಯಲ್ಲಿ ಅವಳ ಚಪಾತಿ ಮಣೆ ಒರಗಿಸಿತ್ತು. ಮರೆತು ಹೋಗಿದ್ದಾಳೋ, ಬಿಟ್ಟು ಹೋಗಿದ್ದಾಳೋ.

೨೯-೧-೨೦೨೫, ಬುಧವಾರ

ಒಬ್ಬನಿಗೆ ಅನ್ನ ಮಾಡುವ ಅಳತೆ ಇನ್ನೂ ಸಿಕ್ಕಿಲ್ಲ. ಏರಿಯ ಕಡೆ ಹೊರಟು ಅರಳಿಮರದವರೆಗೆ ಹೋಗಿ ವಾಪಸು ಬಂದೆ.

೫-೨-೨೦೨೫, ಬುಧವಾರ

ಸೈಕಲ್ ತೆಗೆದುಕೊಂಡು ಹೋದೆ. ಏರಿ ಕುಸಿದ ಜಾಗಕ್ಕೆ ಮಣ್ಣು ಹಾಕಿ ಕಲ್ಲು ಕಟ್ಟಿದ್ದಾರೆ. ಹೊಸ ಮಣ್ಣು ಬೇರೆ ಬಣ್ಣ. ಅಲ್ಲಿ ಇಳಿದು ತಳ್ಳಿಕೊಂಡು ಹೋದೆ. ನಾಲ್ಕನೇ ತೂಬಿನ ಬಂಡೆ ಆನೆ ಮಲಗಿದ ಹಾಗೆ ಅಲ್ಲೇ ಇದೆ. ಕೂತೆ. ಹೊತ್ತು ನೆತ್ತಿಗೆ ಬಂದಿತ್ತು.

ಅರ್ಧಕ್ಕೆ ನಿಂತ ಕಥೆಯನ್ನು ಹಾಗೇ ಬಿಡಬಾರದು ಅನ್ನಿಸಿತು. ಅಣ್ಣಗುಡ್ಡ ಐದು ತಿಂಗಳಿಂದ ನೀರಿನ ನಡುವೆ ಕತ್ತು ತಿರುಗಿಸಿ ನಿಂತಿದ್ದಾನೆ. ಬಾಯಿ ತೆರೆದವನು ಮುಚ್ಚಿದೆ. ಮಧ್ಯಾಹ್ನ. ಸ್ನೇಹಳಿಗೆ ಫೋನು ಮಾಡಿದೆ.

"ಎಲ್ಲಿದೀಯವ್ವ?"

"ಸ್ಕೂಲಲ್ಲಿ ಮಾವ. ಮಕ್ಳು ಊಟಕ್ ಕೂತವ್ರೆ. ಯಾಕೆ?"

"ರಸ್ತೆ ಮ್ಯಾಲೆ ಇಲ್ಲ ತಾನೇ?"

"ಇಲ್ಲ."

"ಒಂದ್ ಅರ್ಧ ಗಂಟೆ ಎಲ್ಲೂ ಒರಡ್ಬ್ಯಾಡ. ಒಳಗೇ ಇರು."

ಫೋನಿನಲ್ಲಿ ಮಕ್ಕಳ ತಟ್ಟೆಗಳ ಸದ್ದು. ಈ ಕಡೆಯಿಂದ ಅವಳಿಗೆ ತೂಬಿನ ನೀರಿನ ಸದ್ದು ಕೇಳಿರಬೇಕು. ಮೂರು ಸಲ ಕೇಳಿದ ಸದ್ದು.

"ಬಾಗ್ಲಾಕ್ಕೊಂಡ್ ಕೂತಿದೀನಿ ಮಾವ" ಅಂದಳು. "ಫೋನ್ ಇಡ್ಬ್ಯಾಡಿ. ಕಥೆ ಹೇಳಿ."

ಹೇಳಿದೆ. ಅಣ್ಣ ತಿರುಗಿ ನೋಡಿದ. ಅಷ್ಟು ಹೊತ್ತಿಗೆ ನಸುಕಿನಲ್ಲೇ ನೀರಿಗೆ ಬಂದ ಹೆಂಗಸೊಬ್ಬಳು ಅವನನ್ನು ಕಂಡಳು, ಅವನು ಅಲ್ಲೇ ನೆಟ್ಟುಹೋದ. ತಲೆ ಮೇಲಿನ ಖಾರದ ಕುಕ್ಕೆ ಹಾಗೇ ಉಳಿಯಿತು, ಅದಕ್ಕೇ ನೆತ್ತಿ ಈಗಲೂ ಘಮ್ಮೆನ್ನುತ್ತದೆ. ತಮ್ಮ ಎಲ್ಲಿ ಹೋದ? ದಾರಿ ತಪ್ಪಿರಲಿಲ್ಲ. ನಡೆಯುತ್ತ ನಡೆಯುತ್ತ ಒಂದು ಜಾಗ ಚೆನ್ನಾಗಿದೆ ಅನ್ನಿಸಿತು, ಚಿಕ್ಕಂದಿನಲ್ಲಿ ಅಪ್ಪ ಕೂರಿಸುತ್ತಿದ್ದ ಜಾಗ. ಒಂದು ಗಳಿಗೆ ಕೂತು ಹೋಗೋಣ ಅಂತ ಕೂತ. ಬೆಳಗಾಗಿಬಿಟ್ಟಿತು.

ಅವ್ವ ಹೀಗೇ ಮುಗಿಸುತ್ತಿದ್ದಳೋ, ನಾನೇ ಸೇರಿಸಿದೆನೋ, ಗೊತ್ತಾಗಲಿಲ್ಲ. ಆ ಕಡೆಯಿಂದ ಸ್ನೇಹ ಪ್ರತಿ ಮಾತಿಗೂ ಊಂ ಅನ್ನುತ್ತಿದ್ದಳು. ಕೊನೆಯ ಮಾತಿಗೆ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಂದಳು.

ಸಾಯಂಕಾಲ ಮನೆಗೆ ಮುಟ್ಟಿದ ಮೇಲೆ ಫೋನು ಮಾಡು ಅಂದಿದ್ದೆ. ಐದೂಕಾಲಿಗೆ ಮಾಡಿದಳು. ಸುಖವಾಗಿ ಮುಟ್ಟಿದ್ದಾಳೆ.

ನಾಲ್ಕನೇ ತೂಬು, ಕಾಲು ಬಾಗಿಲು. ನಾಲೆಯಲ್ಲಿ ನೀರು ಮೂರು ಅಡಿ ಎರಡು ಅಂಗುಲ.